ಉಮ್ಮನ ಒಂದು ಗಂಟೆ ಯಾವ ಖಾತೆಗೆ?

ನಮ್ಮ ಮನೆಯಲ್ಲಿ ಮೊಟ್ಟೆಗಾಗಿ ಕೋಳಿ ಸಾಕಲು ಶುರುಮಾಡಿ ಒಂಬತ್ತು ತಿಂಗಳಾಯಿತು. ಜುಬೈಲಿನಲ್ಲಿ ಕೆಲಸದಲ್ಲಿರುವ ಉಪ್ಪ ತಮ್ಮ ರೂಮಿನವರಿಗೆಲ್ಲ “ನಾವು ಊರಲ್ಲಿ ಕೋಳಿ ಸಾಕಿದ್ದೇವೆ” ಎಂದು ಹೇಳಿಕೊಳ್ಳುತ್ತಾರೆ. ನಾನೂ ಕಾಲೇಜಿನಲ್ಲಿ ಹಾಗೆಯೇ ಹೇಳಿಕೊಂಡು ತಿರುಗಿದ್ದೇನೆ. ಈ ಲೇಖನ ಬರೆಯುತ್ತಿರುವುದು ಆ ‘ನಾವು’ ಎಂಬ ಮಾತಿನ ಬಗ್ಗೆ.

ಮೊದಲು ಮನೆಗೆ ಬಂದದ್ದು ಮೊಟ್ಟೆಯ ಕೋಳಿಯೇ ಅಲ್ಲ. ಉರೂಸಿನ ಸಂತೆಯಲ್ಲಿ ತಮ್ಮ ಹಟ ಹಿಡಿದು ನಾಲ್ಕು ಬಣ್ಣದ ಮರಿ ತಂದಿದ್ದ. ಗುಲಾಬಿ, ಹಸಿರು, ನೀಲಿ, ಹಳದಿ. ನಾಲ್ಕೇ ದಿನದಲ್ಲಿ ಮೂರು ಸತ್ತವು. ಉಳಿದ ಗುಲಾಬಿ ಮರಿಗೆ ತಿಂಗಳು ಕಳೆದಾಗ ಬಣ್ಣ ಹೋಗಿ ಬಿಳಿ ಗರಿ ಬಂತು, ಆಮೇಲೆ ಜುಟ್ಟು ಕೆಂಪಾಯಿತು, ಒಂದು ದಿನ ಬೆಳಿಗ್ಗೆ ಕೂಗಿಯೇಬಿಟ್ಟಿತು. ಪಶು ಆಸ್ಪತ್ರೆಯಲ್ಲಿ ಕೇಳಿದಾಗ ವಿಷಯ ಗೊತ್ತಾಯಿತು. ಮೊಟ್ಟೆಗಾಗಿಯೇ ಬೆಳೆಸುವ ತಳಿಯಲ್ಲಿ ಹುಟ್ಟಿದ ಗಂಡು ಮರಿಗಳಿಂದ ಹ್ಯಾಚರಿಯವರಿಗೆ ಲಾಭವಿಲ್ಲ. ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಅಂಥವನ್ನೇ ಬಣ್ಣದಲ್ಲಿ ಅದ್ದಿ ಮಕ್ಕಳಿಗೆ ಮಾರುತ್ತಾರಂತೆ. ಸತ್ತ ಹಸಿರು ಮರಿಯನ್ನು ತಮ್ಮ ತೆಂಗಿನ ಬುಡದಲ್ಲಿ ಹೂಳಿ ಅಳುತ್ತಾ ಕುಳಿತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆಂದು ಅವನ್ನು ದಯವಿಟ್ಟು ಕೊಳ್ಳಬೇಡಿ. ಇಷ್ಟು ಹೇಳಿ ಆ ವಿಷಯ ಬಿಡುತ್ತೇನೆ.

ಸರಿಯಾದ ಮರಿ ತಂದದ್ದು ನವೆಂಬರ್ ಮೊದಲ ವಾರದಲ್ಲಿ, ಮಳೆ ಪೂರ್ತಿ ನಿಂತ ಮೇಲೆ. ಗಿರಿರಾಜ ಎಂಬ ಹೆಸರನ್ನು ನಮ್ಮ ಕಡೆ ಎಲ್ಲರೂ ಕೇಳಿರುತ್ತಾರೆ, ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ತಳಿ ಅದು. ಸ್ವರ್ಣಧಾರ ಅಲ್ಲಿಂದಲೇ ಆಮೇಲೆ ಬಂದದ್ದು. ಗಾತ್ರದಲ್ಲಿ ಗಿರಿರಾಜನಿಗಿಂತ ಚಿಕ್ಕದು, ಮೊಟ್ಟೆ ಸ್ವಲ್ಪ ಹೆಚ್ಚು. ನಾವು ಒಂದು ದಿನದ 20 ಸ್ವರ್ಣಧಾರ ಮರಿ ತಂದೆವು. ಹಾಲಿನ ಪ್ಯಾಕೆಟ್ ಬರುವಂಥ ಕ್ರೇಟಿನಷ್ಟು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಅವು ಬಂದಾಗ ಮನೆಯೇ ಚಿಲಿಪಿಲಿ.

ಮೊದಲ ರಾತ್ರಿಯ ತಪ್ಪು ನನ್ನದು. ಮರಿಗಳಿಗೆ ತಾಯಿಕೋಳಿ ಇಲ್ಲವಾದ್ದರಿಂದ ಬಲ್ಬಿನ ಕಾವು ಕೊಡಬೇಕು, ಮೊದಲ ವಾರ 35 ಡಿಗ್ರಿಯಷ್ಟು ಬಿಸಿ ಇರಬೇಕು, ಆಮೇಲೆ ವಾರವಾರಕ್ಕೆ ಕಡಿಮೆ ಮಾಡುತ್ತಾ ಬರಬೇಕು ಎಂದು ಹೇಳಿ ಕಳುಹಿಸಿದ್ದರು. ನಾನು ದೊಡ್ಡ ಜಾಣನ ಹಾಗೆ ಹೊಸ ಎಲ್‌ಇಡಿ ಬಲ್ಬ್ ತಂದು ಪೆಟ್ಟಿಗೆಯ ಮೇಲೆ ಕಟ್ಟಿದೆ. ಬೆಳಕು ಭರ್ಜರಿ, ಬಿಸಿ ಮಾತ್ರ ಇಲ್ಲ. ಮರಿಗಳು ಒಂದರ ಮೇಲೊಂದು ಹತ್ತಿ ಮೂಲೆಗೆ ಒತ್ತಿಕೊಂಡಿದ್ದವು, ನಾನು “ನಿದ್ರೆ ಮಾಡುತ್ತಿವೆ” ಎಂದು ಹೇಳಿ ಮಲಗಿಬಿಟ್ಟೆ. ಬೆಳಿಗ್ಗೆ ನೋಡಿದರೆ ಅಡಿಗೆ ಸಿಕ್ಕಿದ ಮೂರು ಸತ್ತಿದ್ದವು. ಉಮ್ಮ ಬೈಯಲಿಲ್ಲ. ಪಕ್ಕದ ಮನೆಯ ಅಕ್ಕನ ಅಟ್ಟದಲ್ಲಿದ್ದ ಹಳೆಯ 60 ವ್ಯಾಟಿನ ತಂತಿ ಬಲ್ಬ್ ತಂದು ಹಾಕಿದರು. ಬಲ್ಬಿನ ಕೆಳಗೇ ಗುಂಪುಗೂಡಿದರೆ ಚಳಿ ಎಂದರ್ಥ, ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಎಲ್ಲ ಕಡೆ ಹರಡಿಕೊಂಡಿದ್ದರೆ ಸರಿ. ಕರೆಂಟ್ ಹೋದ ರಾತ್ರಿಗಳಲ್ಲಿ ಉಮ್ಮ ಬಾಟಲಿಗೆ ಬಿಸಿನೀರು ತುಂಬಿ, ಹಳೆ ಬಟ್ಟೆ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಅದು ಆರಿದರೆ ಮತ್ತೆ ಎದ್ದು ಬದಲಿಸಬೇಕು. ಎಷ್ಟು ಸಲ ಎದ್ದರೋ ನಾನು ನೋಡಿಲ್ಲ. ಯಾಕೆಂದರೆ ನಾನು ನಿದ್ರೆಯಲ್ಲಿದ್ದೆ.

ಲಸಿಕೆಯದ್ದು ಇನ್ನೊಂದು ಕತೆ. ಕೊಕ್ಕರೆ ರೋಗ ಬಂದರೆ ಗೂಡಿಗೆ ಗೂಡೇ ಖಾಲಿ. ಅದಕ್ಕೆ ಮೊದಲ ವಾರದಲ್ಲೇ ಮರಿಯ ಕಣ್ಣಿಗೆ ಲಾಸೋಟಾ ಹನಿ ಹಾಕಬೇಕು, ಎರಡನೇ ವಾರದಲ್ಲಿ ಗಂಬೋರೊ ಲಸಿಕೆ, ಎಂಟನೇ ವಾರದ ಹೊತ್ತಿಗೆ ಕೊಕ್ಕರೆ ರೋಗದ ಚುಚ್ಚುಮದ್ದು. ತೊಂದರೆ ಏನೆಂದರೆ ಲಸಿಕೆಯ ಬಾಟಲಿ ಬರುವುದೇ 100 ಕೋಳಿಯ ಲೆಕ್ಕದಲ್ಲಿ. ಒಡೆದು ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೂ ಮಂಜುಗಡ್ಡೆಯಲ್ಲಿರಬೇಕು. ಹದಿನೇಳು ಮರಿ ಇರುವ ಮನೆಯವರು ಏನು ಮಾಡಬೇಕು? ಉಮ್ಮ ಮೂರು ಮನೆಗೆ ಹೋಗಿ ಮಾತಾಡಿದರು. ಪಕ್ಕದ ಮನೆಯ ಅಕ್ಕ, ಕೆಳಮನೆಯ ಬಾಯಮ್ಮ, ಗುಡ್ಡೆಯ ಮೇಲಿನ ನಮ್ಮ ಮಾಮಿ. ನಾಲ್ಕು ಮನೆಯವರು ಸೇರಿ ಒಂದು ಬಾಟಲಿ ತರಿಸಿ, ಚಹಾದ ಫ್ಲಾಸ್ಕಿನಲ್ಲಿ ಐಸ್ ಹಾಕಿ ಇಟ್ಟುಕೊಂಡು, ಮನೆಯಿಂದ ಮನೆಗೆ ಓಡಿದರು. ಹಿತ್ತಲ ಕೋಳಿ ಸಾಕುವವರಲ್ಲಿ ಹೆಚ್ಚಿನವರು ಲಸಿಕೆ ಬಿಡುವುದು ಈ ಒಂದು ಕಾರಣಕ್ಕೇ ಇರಬೇಕು ಅಂತ ನನಗೆ ಅನಿಸುತ್ತದೆ. ಒಂದು ಮನೆಗೆ ಅದು ದುಬಾರಿ, ನಾಲ್ಕು ಮನೆಗೆ ಏನೂ ಅಲ್ಲ.

ಹದಿನೇಳರಲ್ಲಿ ಒಂದನ್ನು ಕಾಗೆ ಒಯ್ಯಿತು, ಒಂದನ್ನು ಮುಂಗುಸಿ. ಉಳಿದದ್ದು ಹದಿನೈದು. ಒಂದು ದಿನದ ಮರಿಯನ್ನು ಗಂಡು ಹೆಣ್ಣು ವಿಂಗಡಿಸದೆ ಕೊಡುವುದರಿಂದ ಅರ್ಧಕ್ಕರ್ಧ ಹುಂಜಗಳೇ ಆಗುವ ಸಾಧ್ಯತೆ ಇದ್ದೇ ಇದೆ. ನಮಗೆ ಸಿಕ್ಕಿದ್ದು ಎಂಟು ಹೇಂಟೆ, ಏಳು ಹುಂಜ. ಐದು ಹುಂಜ ಮಾರಿದೆವು, ಎರಡು ನೆಂಟರು ಬಂದಾಗ ಸಾರಾಯಿತು. “ಹುಂಜ ಇಲ್ಲದೆ ಮೊಟ್ಟೆ ಹೇಗೆ?” ಎಂದು ನನ್ನನ್ನು ಸೈನ್ಸ್ ವಿಭಾಗದವರೇ ಕೇಳಿದ್ದಾರೆ. ಹೇಂಟೆ ಹುಂಜವಿಲ್ಲದೆಯೂ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಏಪ್ರಿಲ್ ಮಧ್ಯದಲ್ಲಿ ಮೊದಲ ಮೊಟ್ಟೆ ಸಿಕ್ಕಿತು. ಓಡು ಎಷ್ಟು ತೆಳುವಾಗಿತ್ತೆಂದರೆ ತಂಗಿಯ ಕೈಯಲ್ಲೇ ಒಡೆಯಿತು. ಉಮ್ಮ ಮರುವಾಯಿ ಚಿಪ್ಪು ತೊಳೆದು ಒಣಗಿಸಿ, ಜಜ್ಜಿ ಒಂದು ಗೆರಟೆಯಲ್ಲಿ ಇಟ್ಟರು. ಸುಣ್ಣದ ಅಂಶ ಸಿಕ್ಕಿ ಎರಡು ವಾರದಲ್ಲಿ ಓಡು ಗಟ್ಟಿಯಾಯಿತು.

ಇನ್ನು ನನ್ನ ಸಾಹಸ. ನಾನು ದ್ವಿತೀಯ ಪಿಯುಸಿ ಕಾಮರ್ಸ್. ರಜೆಯಲ್ಲಿ ಕುಳಿತು ಕೋಳಿಯದ್ದೇ ಒಂದು ಲೆಕ್ಕದ ಪುಸ್ತಕ ಮಾಡಿದೆ. ಮರಿಗೆ 700, ಹಳೆ ಮಂಚದ ಹಲಗೆ ಬಳಸಿ ಮಾಡಿದ ಗೂಡಿಗೆ ಬಲೆ ಮತ್ತು ಬಡಗಿಯ ಕೂಲಿ 1,800, ಬಲ್ಬು ವಯರು 250, ನೀರಿನ ಮತ್ತು ಆಹಾರದ ಡಬ್ಬಿ 350, ಮರಿಗಳ ಆಹಾರ 2,100, ಬೆಳೆಯುವ ಕೋಳಿಯ ಆಹಾರ 2,400, ಲಸಿಕೆಯಲ್ಲಿ ನಮ್ಮ ಪಾಲು 200. ಒಟ್ಟು 7,800 ರೂಪಾಯಿ. ಹುಂಜ ಮಾರಿದ್ದು 2,250 ಕಳೆದರೆ ಬಂಡವಾಳ 5,550.

ಮೇ ತಿಂಗಳಿನಿಂದ ಜುಲೈವರೆಗೆ ಮೊಟ್ಟೆ: 128, 117, 96. ಜುಲೈಯಲ್ಲಿ ಮಳೆಗೆ ಇಳಿಯಿತು. ಒಟ್ಟು 341. ಊರ ಮೊಟ್ಟೆಯ ಲೆಕ್ಕದಲ್ಲಿ ಒಂದಕ್ಕೆ 12 ರೂಪಾಯಿಯಂತೆ 4,092. ಆಹಾರಕ್ಕೆ 1,500, ಔಷಧಿಗೆ 150 ಕಳೆದರೆ ಮೂರು ತಿಂಗಳ ಲಾಭ 2,442 ರೂಪಾಯಿ. ಏಳನೇ ತಿಂಗಳಿಗೆ ಹಾಕಿದ ಹಣ ವಾಪಸ್! ನಾನು ಪುಟದ ಫೋಟೋ ತೆಗೆದು ಉಪ್ಪನಿಗೆ ಕಳುಹಿಸಿದೆ. ಉಪ್ಪ ವಾಯ್ಸ್ ಮೆಸೇಜಿನಲ್ಲಿ ಹೊಗಳಿದ್ದೇ ಹೊಗಳಿದ್ದು.

ಉಮ್ಮ ಜಗಲಿಯಲ್ಲಿ ಗೆರಸೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಾ ಆ ಮೆಸೇಜ್ ಕೇಳಿದರು. ಪುಸ್ತಕ ತೋರಿಸು ಎಂದರು. ಪ್ರತಿ ಸಾಲೂ ಓದಿಸಿ ಕೇಳಿದರು. ಆಮೇಲೆ ಅಷ್ಟೇ ಮೆಲ್ಲಗೆ ಹೇಳಿದರು: “ಮೋನೇ, ಬ್ರಾಂಚಿನವರು ಕೂಡ ನನ್ನ ಬೀಡಿ ಎಣಿಸಿ ದುಡ್ಡು ಕೊಡುತ್ತಾರೆ. ನೀನು ಎಣಿಸಲೇ ಇಲ್ಲವಲ್ಲ.”

ನಾನು ಮೊದಲು ನಕ್ಕುಬಿಟ್ಟೆ. ರಾತ್ರಿ ನಿದ್ರೆ ಬರಲಿಲ್ಲ.

ಮರುದಿನದಿಂದ ಮೂರು ದಿನ ಮೊಬೈಲಿನಲ್ಲಿ ಸಮಯ ಹಿಡಿದೆ. ಸುಬಹಿ ನಮಾಝ್ ಮುಗಿಸಿ ಗೂಡು ತೆಗೆಯುವುದು, ಹಿಕ್ಕೆ ಬಾಚುವುದು, ಮಳೆಗಾಲದಲ್ಲಿ ಒದ್ದೆಯಾದ ಮರದ ಹೊಟ್ಟನ್ನು ಮಗುಚುವುದು (ಮಗುಚದಿದ್ದರೆ ಕಣ್ಣುರಿಯುವ ವಾಸನೆ ಬರುತ್ತದೆ, ಕೋಳಿಗೂ ಒಳ್ಳೆಯದಲ್ಲ), ನೀರಿನ ಡಬ್ಬಿ ಉಜ್ಜುವುದು, ನುಚ್ಚು ತೌಡು ಕಲಸುವುದು, ಮಗ್ರಿಬಿಗೆ ಮೊದಲು ಎಣಿಸಿ ಒಳಗೆ ಸೇರಿಸಿ ಚಿಲಕ ಹಾಕುವುದು. 58 ನಿಮಿಷ, 64 ನಿಮಿಷ, 71 ನಿಮಿಷ. ಸುಮ್ಮನೆ ಒಂದು ಗಂಟೆ ಎಂದು ಇಟ್ಟುಕೊಂಡೆ. ಉಮ್ಮ ಒಂದು ಗಂಟೆಯಲ್ಲಿ ನೂರರಷ್ಟು ಬೀಡಿ ಕಟ್ಟುತ್ತಾರೆ. ಸಾವಿರಕ್ಕೆ 250 ರೂಪಾಯಿ ಅಂತ ಹಿಡಿದರೂ ಗಂಟೆಗೆ 25. ಮೂರು ತಿಂಗಳೆಂದರೆ 92 ದಿನ. 2,300 ರೂಪಾಯಿ.

2,442ರಲ್ಲಿ 2,300 ಕಳೆಯಿರಿ. 142 ರೂಪಾಯಿ. ನಾನು ಉಪ್ಪನಿಗೆ ಕಳುಹಿಸಿದ ಲಾಭದಲ್ಲಿ ಹೆಚ್ಚುಕಡಿಮೆ ಎಲ್ಲವೂ ಉಮ್ಮನ ಕೂಲಿಯೇ ಆಗಿತ್ತು. ನಾನು ಅದಕ್ಕೆ ಲಾಭ ಎಂದು ಹೆಸರಿಟ್ಟಿದ್ದೆ. ಬಿಸಿನೀರಿನ ಬಾಟಲಿಯ ಆ ರಾತ್ರಿಗಳನ್ನು ಇದರಲ್ಲಿ ಸೇರಿಸಿಲ್ಲ.

ಈ ಮಾತನ್ನು ತರಗತಿಯಲ್ಲಿ ಹೇಳಿದಾಗ ಗೆಳೆಯರಲ್ಲಿ ಜಗಳವೇ ಆಯಿತು. “ತಾಯಿಯ ಕೆಲಸಕ್ಕೆ ಬೆಲೆ ಕಟ್ಟುತ್ತೀಯಾ? ಅದು ಪ್ರೀತಿ” ಎಂದ ಒಬ್ಬ. ಪ್ರೀತಿ ಹೌದು. ಆದರೆ ಹಾಗೆ ಹೇಳುವವರು ಯಾವಾಗಲೂ ನಾವೇ, ಎಂದರೆ ಆ ಕೆಲಸ ಮಾಡದವರು. ಇನ್ನೊಬ್ಬ, “ಮನೆಯ ಕೆಲಸ ರಾಷ್ಟ್ರೀಯ ಆದಾಯಕ್ಕೇ ಸೇರುವುದಿಲ್ಲ, ಪುಸ್ತಕದಲ್ಲೇ ಇದೆ” ಎಂದ. ಅದೂ ಸರಿ. ಆದರೆ ನಮ್ಮ ಅರ್ಥಶಾಸ್ತ್ರದ ಪುಸ್ತಕ ಅದನ್ನು ಹೇಳಿರುವುದು ಜಿಡಿಪಿಯ ಲೆಕ್ಕದ ಕೊರತೆ ಎಂದು, ಅದೇ ಸರಿ ಎಂದಲ್ಲ.

ನನಗೆ ಹೆಚ್ಚು ತಟ್ಟಿದ ವಾದ ಅಕೌಂಟೆನ್ಸಿಯವರಿಂದಲೇ ಬಂತು. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಒಪ್ಪಂದ ಇಲ್ಲದಿದ್ದರೆ ಪಾಲುದಾರರಿಗೆ ಸಂಬಳ ಇಲ್ಲ. ಮನೆಯೂ ಒಂದು ಪಾಲುದಾರಿಕೆಯೇ, ಹಾಗಾದರೆ ಉಮ್ಮನಿಗೆ ಸಂಬಳ ಎಲ್ಲಿಂದ? ಒಪ್ಪಿದೆ. ಆದರೆ ಅದೇ ಪಾಠದ ಮುಂದಿನ ಸಾಲು ನಮಗೆಲ್ಲ ಬಾಯಿಪಾಠ ಇದೆ: ಒಪ್ಪಂದ ಇಲ್ಲದಿದ್ದರೆ ಲಾಭದಲ್ಲಿ ಸಮಪಾಲು. ಸಮಪಾಲು ಇದೆಯೇ ನೋಡೋಣ ಎಂದು ನಾನು ಡ್ರಾಯಿಂಗ್ಸ್ ತೆಗೆದೆ.

341ರಲ್ಲಿ 140 ಮೊಟ್ಟೆ ಮಾರಿದ್ದು, 201 ಮನೆಯಲ್ಲೇ ಬಳಸಿದ್ದು. ಮಾಲೀಕರು ಸ್ವಂತಕ್ಕೆ ತೆಗೆದ ಸರಕು ಡ್ರಾಯಿಂಗ್ಸ್ ಅಲ್ಲವೇ? (ಅದನ್ನು ಮಾರಾಟದ ಬೆಲೆಯಲ್ಲಿ ಹಾಕಬಾರದು, ಖರ್ಚಿನ ಬೆಲೆಯಲ್ಲಿ ಹಾಕಬೇಕು ಎಂದು ಸರ್ ತಿದ್ದಿದ್ದಾರೆ. ಆ ಅಂಕ ಕಳೆದುಕೊಳ್ಳಲು ನಾನು ಸಿದ್ಧ.) ಪುಸ್ತಕ ಚಂದ ಕಾಣಲಿ ಎಂದು ನಾನು ಶುರುವಿನಿಂದಲೂ ಹೆಸರು ಹಾಕಿ ಬರೆದಿದ್ದೆ. ಕೂಡಿದಾಗ ಹೀಗೆ ಬಂತು. ನಾನು 62. ತಮ್ಮ 58. ತಂಗಿ 41. ನೆಂಟರು ಮತ್ತು ತಿಂಡಿಗೆ 29. ಉಮ್ಮ 11.

ಮೂರು ತಿಂಗಳಲ್ಲಿ ಹನ್ನೊಂದು. ರಕ್ತ ಕಡಿಮೆ ಇದೆ ಎಂದು ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಬರೆದುಕೊಟ್ಟದ್ದೂ ಅದೇ ಮೂರು ತಿಂಗಳಲ್ಲಿ, ಉಮ್ಮನಿಗೇ. “ಮೊಟ್ಟೆ, ಸೊಪ್ಪು, ಮೀನು ಚೆನ್ನಾಗಿ ತಿನ್ನಿ” ಎಂದು ಡಾಕ್ಟರ್ ಹೇಳಿದಾಗ ಪಕ್ಕದಲ್ಲಿ ನಿಂತವನು ನಾನು. ಚೀಟಿ ಹಿಡಿದುಕೊಂಡು ಬಂದು, ರಾತ್ರಿ ಎರಡು ಮೊಟ್ಟೆಯ ಆಮ್ಲೆಟ್ ತಿಂದು ಮಲಗಿದವನೂ ನಾನೇ.

ತಂಗಿಯದ್ದು 41 ಯಾಕೆ ಎಂದು ಕೇಳಿದೆ. “ನನಗೆ ಶಾಲೆಯಲ್ಲಿ ಸಿಗುತ್ತದಲ್ಲ, ನೀವು ತಿನ್ನಿ ಅಂದೆ” ಎಂದಳು. ಅವಳು ಸರಕಾರಿ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ಅಝೀಂ ಪ್ರೇಂಜಿ ಫೌಂಡೇಶನ್ ಕೈಜೋಡಿಸಿದ ಮೇಲೆ, 2024ರಿಂದ ಹತ್ತನೇ ತರಗತಿಯವರೆಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಯೋಜನೆ ಇದೆ. ಪಿಯುಸಿಗೆ ಬಂದ ತಕ್ಷಣ ಅದು ನಿಲ್ಲುತ್ತದೆ, ಹದಿನಾರು ವರ್ಷಕ್ಕೆ ಹಸಿವೂ ನಿಲ್ಲುತ್ತದೆ ಎಂಬಂತೆ. ನಮ್ಮ ಪಾಲಿಗೆ ಉಳಿಯುವುದು ಅರ್ಧ ಮೊಟ್ಟೆ ಇರುವ ಪಫ್ಸ್. ಇದು ಬೇರೆ ಲೇಖನದ ವಿಷಯ, ಯಾರಾದರೂ ಬರೆಯಿರಿ. ನಾನು ಹೇಳಬೇಕೆಂದಿರುವುದು ಇಷ್ಟು: ಶಾಲೆಯಲ್ಲಿ ಸಿಗುತ್ತದೆ ಎಂದು ಬಿಟ್ಟುಕೊಟ್ಟವಳೂ ಹುಡುಗಿ, ಶಾಲೆಯೂ ಇಲ್ಲ ಆಸ್ಪತ್ರೆಯೂ ಬೇಡ ಎಂದು ಬಿಟ್ಟುಕೊಟ್ಟವರೂ ಹೆಂಗಸು. ಏನೂ ಬಿಟ್ಟುಕೊಡದವರು ನಾನು ಮತ್ತು ತಮ್ಮ.

ಹಾಗಾದರೆ ಕೋಳಿ ಸಾಕಬಾರದೇ? ಖಂಡಿತ ಸಾಕಬೇಕು. ಮನೆಯ ಅನ್ನದ ಉಳಿಕೆ, ತರಕಾರಿ ಸಿಪ್ಪೆ, ಹಿತ್ತಲ ಹುಳುಹುಪ್ಪಟೆ ತಿಂದು ಮೊಟ್ಟೆ ಕೊಡುವ ಪ್ರಾಣಿ ಅದು. ಹಿಕ್ಕೆ ಬಸಳೆಯ ಬುಡಕ್ಕೆ ಆಗುತ್ತದೆ. ಅಂಗಡಿಯ ಮೊಟ್ಟೆ ಏಳು ರೂಪಾಯಿಗೆ ಸಿಗುವಾಗ ಇದೆಲ್ಲ ಯಾಕೆ ಎಂದು ಮಾಮ ಕೇಳುತ್ತಾರೆ. ಅವರಿಗೆ ನನ್ನ ಉತ್ತರ ಎಂದರೆ, ಅಂಗಡಿಗೆ ಹೋಗಿ ದಿನಕ್ಕೆ ನಾಲ್ಕು ಮೊಟ್ಟೆ ನಾವು ಯಾವತ್ತೂ ತಂದಿರಲಿಲ್ಲ. ಹಿತ್ತಲಲ್ಲಿ ಇದ್ದರೆ ಮಕ್ಕಳ ತಟ್ಟೆಗೆ ಬರುತ್ತದೆ. ಆದರೆ ಹೊಸತಾಗಿ ಶುರುಮಾಡುವ ಮನೆಯವರು ಮರಿಯ ರೇಟು, ಬಲೆಯ ರೇಟು ಕೇಳುವ ಮೊದಲು ಒಂದು ಮಾತು ತೀರ್ಮಾನಿಸಬೇಕು. ಬೆಳಿಗ್ಗೆ ಗೂಡು ಬಾಚುವವರು ಯಾರು, ಸಂಜೆ ಎಣಿಸುವವರು ಯಾರು, ಕರೆಂಟ್ ಹೋದರೆ ಏಳುವವರು ಯಾರು? “ಯಾರಾದರೂ ಮಾಡುತ್ತಾರೆ” ಎಂದರೆ ಆ ‘ಯಾರಾದರೂ’ ಯಾರು ಎಂದು ನಮಗೆಲ್ಲ ಗೊತ್ತಿದೆ. ಗಲ್ಫಿನಲ್ಲಿರುವ ಉಪ್ಪಂದಿರ ಮನೆಗಳಲ್ಲಿ ಇದು ಇನ್ನೂ ಹೆಚ್ಚು. ದುಡ್ಡು ಕಳುಹಿಸುವವರ ಹೆಸರು ಪುಸ್ತಕದಲ್ಲಿ ಬರುತ್ತದೆ, ಗೂಡು ಬಾಚುವವರ ಹೆಸರು ಬರುವುದಿಲ್ಲ.

ಆಗಸ್ಟ್ ಒಂದರಿಂದ ನಮ್ಮಲ್ಲಿ ಬದಲಾವಣೆ ಆಗಿದೆ. ಬೆಳಿಗ್ಗೆಯ ಕೆಲಸ ನನ್ನದು, ಸಂಜೆಯದ್ದು ತಮ್ಮನದ್ದು. ಸತ್ಯ ಹೇಳಬೇಕೆಂದರೆ ಮೊದಲ ವಾರದಲ್ಲೇ ನಾನು ಎರಡು ದಿನ ತಪ್ಪಿಸಿದೆ, ಒಂದು ದಿನ ಪರೀಕ್ಷೆ ಇತ್ತು, ಇನ್ನೊಂದು ದಿನ ಸುಮ್ಮನೆ ಸೋಮಾರಿತನ. ಎರಡೂ ದಿನ ಉಮ್ಮ ಏನೂ ಹೇಳದೆ ಬಾಚಿ ಮುಗಿಸಿದ್ದರು. ಈಗ ತಪ್ಪಿಸಿದ ದಿನ ನನ್ನ ಪಾಲಿನ ಮೊಟ್ಟೆ ಉಮ್ಮನ ಖಾತೆಗೆ ಎಂದು ತಂಗಿ ನಿಯಮ ಮಾಡಿದ್ದಾಳೆ, ಪುಸ್ತಕವನ್ನೂ ಅವಳೇ ಇಟ್ಟುಕೊಂಡಿದ್ದಾಳೆ. ಮೊಟ್ಟೆ ಮಾರಿದ ದುಡ್ಡು ಉಮ್ಮನ ಕೈಗೆ. ಅದರಲ್ಲಿ ಆಹಾರದ ಚೀಲ ತರುತ್ತಾರೆ, ಉಳಿದದ್ದನ್ನು ಏನು ಮಾಡುತ್ತಾರೆ ಎಂದು ನಾನು ಒಮ್ಮೆ ಕೇಳಿದೆ. “ಅದನ್ನೂ ಬರೆಯಬೇಕಾ?” ಎಂದರು. ಬರೆದಿಲ್ಲ.

ಕೊನೆಯದಾಗಿ ಒಂದು ವಿನಂತಿ. ಕೊಕ್ಕರೆ ರೋಗದ ಚುಚ್ಚುಮದ್ದು ಮತ್ತೆ ಹಾಕಿಸಬೇಕೆಂದು ಪಶು ಆಸ್ಪತ್ರೆಯವರು ಹೇಳಿದ್ದಾರೆ. ನಮ್ಮ ನಾಲ್ಕು ಮನೆಗೆ ಸೇರಿ 46 ಕೋಳಿ ಇವೆ, ಬಾಟಲಿಯಲ್ಲಿ ನೂರಕ್ಕಾಗುವಷ್ಟು ಇರುತ್ತದೆ. ಮಿಕ್ಕಿದ್ದನ್ನು ಚೆಲ್ಲಬೇಕಾಗುತ್ತದೆ. ನಮ್ಮ ಬಸ್ಸಿನಲ್ಲಿ ಬರುವವರ ಮನೆಗಳಲ್ಲಿ ಕೋಳಿ ಇದ್ದರೆ ಗುರುವಾರದೊಳಗೆ ದ್ವಿತೀಯ ಕಾಮರ್ಸಿಗೆ ಬಂದು ಎಷ್ಟಿವೆ ಎಂದು ಹೇಳಿ. ಭಾನುವಾರ ಬೆಳಿಗ್ಗೆ ಬುಟ್ಟಿಯಲ್ಲಿ ಕೋಳಿ ಹಿಡಿದುಕೊಂಡು ಬರಬೇಕಾದದ್ದು ನೀವೇ. ಉಮ್ಮನನ್ನು ಕಳುಹಿಸಬೇಡಿ.